ಶುಕ್ರವಾರದ ತಾರೀಕು

ವಿವಾಹ ನೋಂದಣಿ ಕಚೇರಿಯ ಜವಾನನಿಗೆ ಗೋಂದಣ್ಣ ಎಂಬ ಹೆಸರು ಯಾವಾಗ ಅಂಟಿಕೊಂಡಿತೋ ಅವನಿಗೇ ನೆನಪಿಲ್ಲ. ಮದುವೆಗೆ ಅರ್ಜಿ ಕೊಟ್ಟವರ ನೋಟಿಸನ್ನು ಹೊರಗಿನ ಬೋರ್ಡಿಗೆ ಗೋಂದು ಹಚ್ಚಿ ಅಂಟಿಸುವುದು, ಮೂವತ್ತು ದಿನ ತುಂಬಿದ ಮೇಲೆ ಕೀಳುವುದು, ಇದೇ ಅವನ ಕೆಲಸ. ಅಷ್ಟರೊಳಗೆ ಯಾರಾದರೂ ತಕರಾರು ತೆಗೆದರೆ ಮದುವೆ ನಿಂತಿತು. ಇಲ್ಲವಾದರೆ ಮರುದಿನ ಬಂದು ಸಹಿ ಹಾಕಿ ಗಂಡ ಹೆಂಡತಿ ಆಗಬಹುದು. ಆ ಮೂವತ್ತು ದಿನದ ಲೆಕ್ಕ ಶುರುವಾಗುವುದು ಗೋಂದಣ್ಣ ನೋಟಿಸಿನ ಮೂಲೆಯಲ್ಲಿ ತಾರೀಕು ಬರೆದು ಅಂಟಿಸಿದ ದಿನದಿಂದ. ಅಧಿಕಾರಿಗಳು ಬಂದರು, ಹೋದರು, ತಾರೀಕು ಮಾತ್ರ ಅವನ ಕೈಯಲ್ಲೇ ಉಳಿಯಿತು.

ಅದರ ಬಗ್ಗೆ ಅವನಿಗೆ ಬೆಟ್ಟದಷ್ಟು ಹೆಮ್ಮೆ. ಒದ್ದೆ ಬಟ್ಟೆ ಒತ್ತಿ ಒಂದು ಚೂರೂ ಹರಿಯದ ಹಾಗೆ ನೋಟಿಸು ಬಿಡಿಸುವುದರಲ್ಲಿ ಅವನದು ಎತ್ತಿದ ಕೈ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ದಿನ ಹಿಂದೆ ಮುಂದೆ ಬರೆದವನಲ್ಲ. ಮನೆಯವರಿಗೆ ಹೆದರಿ ಓಡಿಬಂದ ಹುಡುಗ ಹುಡುಗಿಯರು ಅವನ ಕಾಲು ಹಿಡಿದದ್ದೂ ಉಂಟು. ಅವನು ಕರಗಲಿಲ್ಲ. "ಇವನಿಗೆ ದೇವರು ಬೆನ್ನುಮೂಳೆ ಮರೆತು ಸ್ಕೇಲು ಇಟ್ಟು ಕಳಿಸಿದಾನೆ" ಎಂದು ಕಚೇರಿಯ ಗುಮಾಸ್ತ ಮೂಗು ಮುರಿಯುತ್ತಿದ್ದ.

ಕಾಜಾ ಹೊಲಿಯುವ ಹೆಂಗಸು ಬಂದದ್ದು ಒಂದು ಶುಕ್ರವಾರ ಸಂಜೆ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ಗುಂಡಿ ತೂತಿಗೆ ಕಾಜಾ ಹೊಲಿಯುವುದು ಅವಳ ಕೆಲಸ. ಬಸ್ ಡಿಪೋದಲ್ಲಿ ಟಯರ್ ಬದಲಿಸುತ್ತಿದ್ದವನ ಜೊತೆ ಇಪ್ಪತ್ತಾರು ವರ್ಷ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದ್ದಳು. ಕಾಗದ ಮಾಡಿಸುವುದನ್ನು ಇಬ್ಬರೂ ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಿದ್ದರು. ಈಗ ಅವನು ಆಸ್ಪತ್ರೆಯಲ್ಲಿದ್ದ. ಅಲ್ಲಿನ ಫಾರಂನಲ್ಲಿ ರೋಗಿಗೆ ಇವಳು ಏನಾಗಬೇಕು ಎಂಬ ಕಡೆ ನರ್ಸು "ಪರಿಚಯದವರು" ಎಂದು ಬರೆದಿದ್ದಳು. ಹೆಂಡತಿ ಎಂದು ಬರೆಯಲು ಕಾಗದ ಬೇಕಂತೆ.

ವಾರ್ಡಿನಲ್ಲೇ ಅವನ ಸಹಿ ಹಾಕಿಸಿಕೊಂಡು ಅವಳು ಅರ್ಜಿ ತಂದಿದ್ದಳು. ದಿನ ತುಂಬಿದ ಮೇಲೆ ತಾವೇ ಆಸ್ಪತ್ರೆಗೆ ಬಂದು ನೋಂದಣಿ ಮುಗಿಸುವುದಾಗಿ ಅಧಿಕಾರಿ ಒಪ್ಪಿದರು. ನೋಟಿಸು ಗೋಂದಣ್ಣನ ಕೈಗೆ ಬಂದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಗೋಂದಿನ ಡಬ್ಬಿ ಒಣಗಿ ಕೆನೆಗಟ್ಟಿತ್ತು. ನೀರು ಹಾಕಿ ಕಲಸಿದ್ದರೆ ಆಗುತ್ತಿತ್ತು, ಆದರೆ ಅವನ ಕಾಲು ಆಗಲೇ ಚಪ್ಪಲಿಯೊಳಗಿತ್ತು.

"ಸೋಮವಾರ ಹಾಕ್ತೀನಮ್ಮ" ಎಂದ. ಲೆಕ್ಕ ಅಂಟಿಸಿದ ದಿನದಿಂದ ಎಂಬುದು ಅವಳಿಗೇನು ಗೊತ್ತು? ತಲೆಯಾಡಿಸಿ ಹೋದಳು.

ಸೋಮವಾರ ಗುಮಾಸ್ತನಿಂದ ವಿಷಯ ತಿಳಿದು ಬೋರ್ಡಿನ ಹತ್ತಿರ ಓಡಿಬಂದಳು.

"ಅಣ್ಣಾ, ನಾನು ಕೊಟ್ಟಿದ್ದು ಶುಕ್ರವಾರ ತಾನೆ? ಶುಕ್ರವಾರದ ತಾರೀಕೇ ಹಾಕ್ಬಿಡಿ."

"ಬೋರ್ಡಿಗೆ ಬಂದಿದ್ದು ಇವತ್ತು. ಇವತ್ತಿಂದೇ ಬರೆಯೋದು."

"ಡಾಕ್ಟ್ರು ಕೈಚೆಲ್ಲಿದಾರಣ್ಣ. ಒಂದೊಂದು ದಿನಾನೂ..."

"ಮೂರು ದಿನದಲ್ಲಿ ಏನು ಮುಳುಗಿಹೋಗುತ್ತಮ್ಮ?"

ಗುಮಾಸ್ತ ಕೂಡ ಹಾಕಿಕೊಡಪ್ಪ ಎಂದ. ಗೋಂದಣ್ಣ ಗೆರೆ ಕೊರೆದಂತೆ ಸೋಮವಾರದ ತಾರೀಕು ಬರೆದ. ತನ್ನ ಸೋಮಾರಿತನದ ಮೇಲೆ ಪ್ರಾಮಾಣಿಕತೆಯ ಮುಚ್ಚಳ ಮುಚ್ಚುತ್ತಿದ್ದೇನೆ ಎಂದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ.

ಅಂದಿನಿಂದ ಅವಳು ದಿನಾ ಊಟದ ಬಿಡುವಿನಲ್ಲಿ ಬರತೊಡಗಿದಳು. ಮೈಮೇಲೆಲ್ಲ ದಾರದ ಎಳೆಗಳು. ನೋಟಿಸಿನಲ್ಲಿ ಅಕ್ಕಪಕ್ಕ ಇದ್ದ ಇಬ್ಬರ ಫೋಟೊ ನೋಡಿ, ನಾಲ್ಕು ಮೂಲೆ ಮುಟ್ಟಿ ನೋಡಿ, ಆಸ್ಪತ್ರೆಗೆ ಹೋಗುತ್ತಿದ್ದಳು. ಒಮ್ಮೆ ನಗುತ್ತಾ, "ಇಪ್ಪತ್ತಾರು ವರ್ಷ ಅನ್ನ ಬೇಯಿಸಿ ಹಾಕಿ ಕೊನೆಗೆ ಪರಿಚಯದವಳಾದೆ ನೋಡಣ್ಣ" ಎಂದಳು. ಇನ್ನೊಮ್ಮೆ, "ಸಹಿ ಹಾಕೋ ಗುರುವಾರ ಯಾವಾಗ ಅಂತ ನಮ್ಮನೆಯವರು ದಿನಾ ಕೇಳ್ತಾರೆ. ಶೇವ್ ಮಾಡಿಸ್ಬೇಕಂತೆ, ಮದುಮಗ ಅಲ್ವಾ" ಎಂದಳು. ಗೋಂದಣ್ಣನಿಗೂ ನಗು ಬಂತು. ಗಾಳಿ ಜೋರಾದ ದಿನ ಯಾರೂ ಹೇಳದೆಯೇ ಆ ನೋಟಿಸಿನ ಅಂಚಿಗೆ ಇನ್ನಷ್ಟು ಗೋಂದು ಸವರಿದ.

ಬುಧವಾರಕ್ಕೆ ಮೂವತ್ತು ದಿನ ತುಂಬುತ್ತಿತ್ತು, ಗುರುವಾರ ಸಹಿ. ಮಂಗಳವಾರ ಅವಳು ಬರಲಿಲ್ಲ. ಬುಧವಾರವೂ ಇಲ್ಲ. ಶೇವಿಂಗು, ಹೊಸ ಅಂಗಿ ಎಂದು ಓಡಾಡುತ್ತಿರಬೇಕು ಎಂದುಕೊಂಡ. ಗುರುವಾರ ಬೆಳಿಗ್ಗೆ ವಾರ್ಡಿಗೆ ಒಯ್ಯಲು ರಿಜಿಸ್ಟರು, ಮಸಿಪ್ಯಾಡು ಎಲ್ಲ ಚೀಲಕ್ಕೆ ತುಂಬಿ, ಪೆನ್ನು ಬರೆಯುತ್ತದೆಯೇ ಎಂದು ಎರಡೆರಡು ಸಲ ಗೀಚಿ ನೋಡಿದ.

ಅವಳು ಮಧ್ಯಾಹ್ನ ಬಂದಳು. ಅಂದು ಮೈಮೇಲೆ ದಾರದ ಎಳೆಗಳಿರಲಿಲ್ಲ.

"ಮಂಗಳವಾರ ಹೋಗ್ಬಿಟ್ರಣ್ಣ."

ಗೋಂದಣ್ಣನ ಕೈಯಲ್ಲಿ ಚೀಲ ಹಾಗೇ ಇತ್ತು.

"ಸಂಬಂಧಿಕರ ಕೈಗೇ ಕೊಡೋದಂತೆ. ಅವರ ಅಣ್ಣ ಬಂದ್ರು. ಇಪ್ಪತ್ತಾರು ವರ್ಷ ಮಾತಾಡಿಸಿರಲಿಲ್ಲ. ಸಹಿ ಹಾಕಿ ತಗೊಂಡು ಹೋದ್ರು. ನಾನು ಗೇಟ್ ಹತ್ರ ನಿಂತಿದ್ದೆ. ಗಾಡಿ ನನ್ನ ಮುಂದೇನೇ ಹೋಯ್ತು. ಎಲ್ಲಿಗೆ ಅಂತ ಕೇಳೋಕೂ ನಾನ್ಯಾರು?"

ಬೇಡವೆಂದರೂ ಗೋಂದಣ್ಣನ ಮನಸ್ಸು ಲೆಕ್ಕ ಹಾಕಿಬಿಟ್ಟಿತು. ಶುಕ್ರವಾರ ಅಂಟಿಸಿದ್ದರೆ ಭಾನುವಾರಕ್ಕೆ ಮೂವತ್ತು. ಸೋಮವಾರ ಸಹಿ. ಮಂಗಳವಾರ ಅವಳು ಗೇಟಿನ ಹೊರಗೆ ನಿಲ್ಲುತ್ತಿರಲಿಲ್ಲ. "ತಪ್ಪು ನಂದಮ್ಮ" ಎನ್ನಬೇಕೆಂದು ಬಾಯಿ ತೆರೆದ. ಚೀಲವನ್ನಷ್ಟೇ ಬೆನ್ನ ಹಿಂದೆ ಸರಿಸಿದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೋರ್ಡಿನ ಮುಂದೆ ನಿಂತು, ರೂಢಿಯಂತೆ ನಾಲ್ಕು ಮೂಲೆ ಮುಟ್ಟಿ ನೋಡಿದಳು.

"ಯಾರಾದ್ರೂ ತಕರಾರು ತೆಗೆದ್ರಾ ಅಣ್ಣ?"

"ಇಲ್ಲಮ್ಮ. ಯಾರೂ ಇಲ್ಲ."

"ಮೂವತ್ತು ದಿನ, ಯಾರೂ ಇಲ್ಲ" ಎಂದು ತನಗೇ ಹೇಳಿಕೊಂಡಳು. ಆಮೇಲೆ, "ಇದನ್ನ ಇವತ್ತು ಕಿತ್ತುಬಿಡ್ತೀರಾ? ನಾವಿಬ್ರೂ ಜೊತೆಗಿರೋ ಫೋಟೊ ಬೇರೆ ಇಲ್ಲ" ಎಂದಳು. ಫೋಟೊಗಳನ್ನು ಇನ್ನೊಮ್ಮೆ ನೋಡಿ ಹೊರಟುಹೋದಳು.

ಐದು ಗಂಟೆಗೆ ಗುಮಾಸ್ತ ಒಳಗಿನಿಂದ ಕೂಗಿದ. "ಆ ನೋಟಿಸು ದಿನ ಮುಗೀತಲ್ಲಪ್ಪ, ಕಿತ್ತು ಫೈಲಿಗೆ ಹಾಕು."

ಗೋಂದಣ್ಣ ಬೋರ್ಡಿನ ಮುಂದೆ ನಿಂತಿದ್ದ. ಒದ್ದೆ ಬಟ್ಟೆ ಅವನ ಕೈಯಲ್ಲೇ ಇತ್ತು.

"ಬರ್ತಾ ಇಲ್ಲ ಸಾರ್" ಎಂದ. "ಗೋಂದು ಗಟ್ಟಿ ಹಿಡ್ಕೊಂಡಿದೆ."

ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಕಚೇರಿಯಲ್ಲಿ ಹೇಳಿದ ಮೊದಲನೆಯ ಸುಳ್ಳು ಅದು. ಒಂದು ತಿಂಗಳು ಮೊದಲೇ ಹೇಳಬೇಕಿತ್ತು.

ಮರುದಿನ ಊಟದ ಬಿಡುವಿನಲ್ಲಿ ಅವಳು ಬಂದಾಗ ನೋಟಿಸು ಅಲ್ಲೇ ಇತ್ತು.