ಅಡುಗೆಮನೆಗೆ ಎಷ್ಟು ಗಾಳಿ

ನನ್ನ ಸೋದರಮಾವನನ್ನು ಬೀದಿಯವರೆಲ್ಲ ಗಾಳಿ ಮಾವ ಎನ್ನುತ್ತಿದ್ದರು. ಎಸಿ ಕೂರಿಸುವ ಕಂಪನಿಯಲ್ಲಿ ಯಾವ ಕೋಣೆಗೆ ಎಷ್ಟು ಗಾಳಿ ಬೇಕೆಂದು ಲೆಕ್ಕ ಹಾಕುವುದು ಅವನ ಕೆಲಸ. ಬಿಸಿಲು, ದೀಪ, ಜನ, ಎಲ್ಲದರ ಶಾಖ ಕೂಡಿಸಿ, ಒಳಗೆ ಬಿಡುವ ಗಾಳಿ ಎಷ್ಟು ತಣ್ಣಗಿದೆ ನೋಡಿ, ಇಷ್ಟು ಬೇಕು ಎಂದು ಬರೆಯಬೇಕು. ಸುಮ್ಮನೆ ಕೂತ ಮನುಷ್ಯ ನೂರು ವ್ಯಾಟಿನ ಬಲ್ಬಿನಷ್ಟು ಬಿಸಿ ಎಂದು ಅವನ ಕೋಷ್ಟಕ ಹೇಳುತ್ತಿತ್ತು. ಹಾಗಾಗಿ ನೆಂಟರು ಬಂದರೆ ಬಾಯಿತುಂಬ "ಬನ್ನಿ ಬನ್ನಿ" ಎನ್ನುತ್ತಲೇ ಬೆರಳು ಮಡಚಿ "ಐನೂರು, ಆರುನೂರು" ಎಂದು ಗೊಣಗುತ್ತಿದ್ದ. ಅವರ ಮನೆಯಲ್ಲೇ ಬೆಳೆದ ನನಗೆ ನಾಚಿಕೆಯಿಂದ ನೆಲ ಬಗೆದು ಒಳಗೆ ಹೋಗುವಂತಾಗುತ್ತಿತ್ತು.

ಊರಿಗೆಲ್ಲ ತಂಪು ಹಂಚಿದವನ ಮನೆಯಲ್ಲಿದ್ದದ್ದು ಕಿರುಗುಟ್ಟುವ ಒಂದು ಫ್ಯಾನು. ನಮಗೂ ಎಸಿ ಹಾಕಿಸಿ ಎಂದರೆ ಹನ್ನೊಂದು ವರ್ಷ "ಲೆಕ್ಕ ಇನ್ನೂ ಮುಗಿದಿಲ್ಲ" ಎಂದು ತಳ್ಳಿದ. ಕೊನೆಗೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಈ ಬೇಸಿಗೇಲಿ ನಂಗೆ ತಣ್ಣಗಾಗ್ಲಿಲ್ಲ ಅಂದ್ರೆ ತಂಗಿ ಮನೆಗೆ ಹೊರಟೆ. ವಾಪಸ್ ಬರೋದು ಮಳೆ ಬಿದ್ಮೇಲೇ."

ಮಾವನಿಗೆ ನೀರು ಕಾಯಿಸಲೂ ಬರುತ್ತಿರಲಿಲ್ಲ. ಮೂರು ಭಾನುವಾರ ಟೇಪು ಹಿಡಿದು ಮಂಚದ ಕೆಳಗೆಲ್ಲ ತೆವಳಿದ. ಬೆಕ್ಕನ್ನೂ ಬಿಡದೆ ತಕ್ಕಡಿಯಲ್ಲಿ ತೂಗಿ, ಅದರ ಪಾಲಿನ ಗಾಳಿ ಬರೆದುಕೊಂಡ. ಎಸಿ ಯಂತ್ರ ಬಂತು, ಛಾವಣಿಗೆ ತಗಡಿನ ಕೊಳವೆ ಬಂತು, ಗಾಳಿ ಬಿಡುವ ಜಾಲರಿಗಳು ಬಂದವು. ಗುಂಡಿ ಒತ್ತಿದ. ಹಾಲ್ ತಣ್ಣಗಾಯಿತು, ಮಲಗುವ ಕೋಣೆ ತಣ್ಣಗಾಯಿತು, ಬೆಕ್ಕು ಹೊದಿಕೆಯೊಳಗೆ ನುಸುಳಿತು.

ಅತ್ತೆ ಅಡುಗೆಮನೆಯಿಂದ ಬೆವರು ಒರೆಸುತ್ತ ಬಂದಳು. "ಇಲ್ಲಿಗೆಲ್ಲಿ ಗಾಳಿ?"

"ಅದು ಜನ ಕೂರೋ ಜಾಗ ಅಲ್ವಲ್ಲ," ಎಂದ ಮಾವ. "ಕೂರೋ ಕೋಣೆಗೆ ಮಾತ್ರ ಲೆಕ್ಕ."

"ಮತ್ತೆ ಇಷ್ಟು ವರ್ಷ ಅಲ್ಲಿ ಬೇಯಿಸ್ತಿರೋದು ಯಾರು, ದೆವ್ವಾನಾ?"

ಅತ್ತೆ ಅವನ ಲೆಕ್ಕದ ಹಾಳೆ ಕಿತ್ತುಕೊಂಡಳು. ಅದರಲ್ಲಿ ಮಾವ ಇದ್ದ, ನಾನಿದ್ದೆ. ಅವಳಿಗೆ ಒಂದು ಸಾಲೂ ಇರಲಿಲ್ಲ. "ಬೆಕ್ಕಿದೆ," ಎಂದಳು ಮೆತ್ತಗೆ. ಅವಳು ಕೂಗಾಡಿದ್ದರೇ ಚೆನ್ನಾಗಿತ್ತು. ಅಟ್ಟದ ಮೇಲಿನ ಸೂಟ್‌ಕೇಸ್ ಕೆಳಗಿಳಿಯಿತು.

ಮಾವ ಅಡುಗೆಮನೆಗೆ ಹೋಗಿ ಥರ್ಮಾಮೀಟರ್ ತೂಗುಹಾಕಿದ. ಅತ್ತೆ ಅವನ ಕೈಗೆ ಸೌಟು ತುರುಕಿ ಹೊರಗೆ ಬಂದಳು. ಒಂದು ಗಂಟೆಯಲ್ಲಿ ಅವನ ಕನ್ನಡಕ ಮಸುಕಾಗಿತ್ತು, ಅಂಗಿ ಹಿಂಡುವಂತಿತ್ತು, ಪಾತ್ರೆ ತಳ ಹಿಡಿದಿತ್ತು. ಕೋಷ್ಟಕದ ಕೊನೆಯ ಸಾಲು ಹುಡುಕಿದ: ಭಾರಿ ದುಡಿಮೆ, ನಾನೂರು ವ್ಯಾಟ್. ಅದರ ಮುಂದೆ 'ನನ್ನ ಹೆಂಡತಿ' ಎಂದು ಬರೆದ.

ಇದ್ದ ಯಂತ್ರಕ್ಕೆ ಅಷ್ಟು ಗಾಳಿ ಕೊಡುವ ತಾಕತ್ತಿರಲಿಲ್ಲ. ಹಾಲ್‌ನ ಜಾಲರಿ ಮುಚ್ಚಿ ಆ ಕೊಳವೆಯನ್ನೇ ಅಡುಗೆಮನೆಗೆ ತಿರುಗಿಸಿದ. ಸೂಟ್‌ಕೇಸ್ ಅಟ್ಟ ಹತ್ತಿತು.

ಮರುದಿನ ಮಧ್ಯಾಹ್ನ ಹಾಲ್‌ನ ಸೆಕೆ ತಾಳದೆ ಮಾವ ಕುರ್ಚಿ ಎತ್ತಿಕೊಂಡು ಅಡುಗೆಮನೆಯೊಳಗೆ ಕಾಲಿಟ್ಟ. ಅತ್ತೆ ಕುರ್ಚಿಯನ್ನು ಹೊರಗಿಟ್ಟು ಅವನ ಕೈಗೆ ಈರುಳ್ಳಿ ಕೊಟ್ಟಳು.

"ಇದು ಜನ ಕೂರೋ ಜಾಗ ಅಲ್ವಂತಲ್ಲ. ನಿಂತ್ಕೊಂಡೇ ಹೆಚ್ಚಿ."