ಸಹಿ ಬಲ್ಲ ಮಲ್ಲಮ್ಮನ ಹೆಬ್ಬೆಟ್ಟು

ಸಹಿ ಮಾಡಲು ಬರುವವರು ಬೇಕೆಂದೇ ಹೆಬ್ಬೆಟ್ಟು ಒತ್ತುವುದನ್ನು ನೀವು ನೋಡಿದ್ದೀರಾ? ನಾನು ಕಳೆದ ಶನಿವಾರ ನಮ್ಮ ಆಫೀಸಿರುವ ತುರ್ಭೆಯಲ್ಲಿ ನೋಡಿದೆ.

ಮಲ್ಲಮ್ಮ ನಮ್ಮ ಆಫೀಸಿನ ಕೆಳಗಿನ ಗೋದಾಮಿನಲ್ಲಿ ಮೂಟೆ ಹೊಲಿಯುತ್ತಾಳೆ. ಕಲಬುರಗಿ ಕಡೆಯವಳು. ಬ್ಯಾಂಕಿನಲ್ಲಿ ಖಾತೆ ತೆರೆಯಬೇಕು, ಇಂಟ್ರೊಡಕ್ಷನ್‌ಗೆ ನಿಮ್ಮ ಸಹಿ ಬೇಕು ಎಂದು ಬಂದಳು. (ಖಾತೆ ಇರುವವರೊಬ್ಬರು 'ಇವರನ್ನು ಬಲ್ಲೆ' ಎಂದು ಬರೆದುಕೊಡುವವರೆಗೆ ಬ್ಯಾಂಕಿಗೆ ನಾವು ಯಾರೋ ಏನೋ.)

ಸಲಹೆ ಕೊಡುವ ಅವಕಾಶವನ್ನು ನಾನು ಬಿಡುವವಳೇ? ಸಹಕಾರಿ ಬ್ಯಾಂಕಿನಲ್ಲಿ ಬಡ್ಡಿ ತುಸು ಹೆಚ್ಚು, ಇನ್ನೊಂದರಲ್ಲಿ ಮಿನಿಮಮ್ ಬ್ಯಾಲೆನ್ಸ್ ಕಡಿಮೆ, ಮತ್ತೊಂದರಲ್ಲಿ ಕ್ಯೂ ಚಿಕ್ಕದು ಎಂದೆಲ್ಲ ಕೊರೆದೆ. ಅವಳು ಕೇಳಿದ್ದು ಒಂದೇ. ದುಡ್ಡು ತೆಗೆಯುವುದು ಯಾವ ಬ್ಯಾಂಕಿನಲ್ಲಿ ಬಹಳ ಕಷ್ಟ?

ಯಾಕೆ ಹಾಗೆ ಎಂದು ಕೇಳಿದೆ.

ಅವಳ ಮಗಳು ಏಳನೇ ಕ್ಲಾಸು. ಅವಳು ಕಾಲೇಜು ಮೆಟ್ಟಿಲು ಹತ್ತಲಿ ಎಂದು ಜೋಳದ ಡಬ್ಬಿಯಲ್ಲಿ ಕೂಡಿಟ್ಟದ್ದನ್ನು ಗಂಡ ಎರಡು ಸಲ ತೆಗೆದು ತನ್ನ ತಮ್ಮನಿಗೆ ಕೊಟ್ಟಿದ್ದಾನಂತೆ. ಕುಡುಕನಲ್ಲ, ಕೆಟ್ಟವನೂ ಅಲ್ಲ. ಊರಿನವರು ಬಂದು ಕೈಚಾಚಿದರೆ ಇಲ್ಲ ಎನ್ನಲು ಬಾಯಿ ಬಾರದು, ಅಷ್ಟೇ. ಮೂರನೇ ಸಲವೂ ಹೀಗಾದರೆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು.

ಕೊನೆಗೆ ನನ್ನ ಖಾತೆಯಿರುವ ಬ್ಯಾಂಕಿಗೇ ಹೋದೆವು. ಅಲ್ಲಿ ಕ್ಲರ್ಕ್ ಮರಾಠಿಯಲ್ಲಿ ಕೇಳಿದರು, ಸಹಿಯೋ ಹೆಬ್ಬೆಟ್ಟೋ ಎಂದು. ಹೆಬ್ಬೆಟ್ಟಾದರೆ ಪ್ರತಿ ಸಲವೂ ಖುದ್ದಾಗಿ ಬರಬೇಕು, ಫೋಟೊ ನೋಡಿಯೇ ಹಣ ಕೊಡುವುದು ಎಂದು ಎಚ್ಚರಿಸಿದರು. ಮಲ್ಲಮ್ಮ ಥಟ್ಟನೆ ಹೆಬ್ಬೆರಳು ಮುಂದೆ ಮಾಡಿದಳು.

ನನಗೆ ಆಶ್ಚರ್ಯ. ಮಗಳ ಪ್ರೋಗ್ರೆಸ್ ಕಾರ್ಡಿಗೆ ಅವಳು ಗೋದಾಮಿನಲ್ಲೇ ಕೂತು ದುಂಡಗೆ ಸಹಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ. ಸಹಿ ಬರುತ್ತದಲ್ಲ ಎಂದು ಮೆಲ್ಲಗೆ ಕೇಳಿದೆ.

"ಬರ್ತದರಿ ಅಕ್ಕೋರ. ಅದಕ್ಕ ಭಯ. ಮನ್ಯಾಗ ಅವ್ರು ರೊಕ್ಕ ತೆಗಿಯೋ ಸ್ಲಿಪ್ ತಂದು ಸಹಿ ಮಾಡಂದ್ರ ಮಾಡಿ ಕೊಟ್ಟುಬಿಡ್ತೀನಿ. ನನಗೂ ಇಲ್ಲ ಅನ್ಲಾಕ ಬರಲ್ಲ. ಹೆಬ್ಬಟ್ಟಾದ್ರ ಕೂಲಿ ಬಿಟ್ಟು ನಾನೇ ಬರಬೇಕಲ್ಲ?"

ಕ್ಲರ್ಕ್ ಅಯ್ಯೋ ಪಾಪ ಎನ್ನುವಂತೆ ಅವಳ ಬೆರಳಿಗೆ ಶಾಯಿ ಹಚ್ಚಿದರು. ನನಗೆ ಅವಳ ಮೇಲೆ ಹೆಮ್ಮೆ ಉಕ್ಕಿ ಬಂತು. ನಾವು ಖಾತೆ ಆರಿಸುವಾಗ ಬ್ಯಾಂಕಿನ ಗುಣದೋಷ ನೋಡುತ್ತೇವೆ. ಇವಳು ನೋಡಿಕೊಂಡದ್ದು ತನ್ನದನ್ನೇ!

ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಯಜಮಾನರ ಚಿಕ್ಕಪ್ಪನ ಮಗ ಬಂದಿದ್ದ. ಸ್ಕೂಟರ್ ಕೊಳ್ಳುತ್ತಾನಂತೆ. ಫ್ಲಾಟಿಗೆಂದು ನಾನು ಕೂಡಿಟ್ಟದ್ದರಿಂದ ಸ್ವಲ್ಪ ಕೊಡೋಣವೇ ಎಂದು ಯಜಮಾನರು ಸ್ಲಿಪ್ ಮುಂದಿಟ್ಟರು. ಎಂ.ಎ. ಓದಿದ ನಾನು ಚಹಾ ಸೋಸುತ್ತಲೇ ಸಹಿ ಹಾಕಿಕೊಟ್ಟೆ.

ಈಗ ಹೇಳಿ, ನಮ್ಮಿಬ್ಬರಲ್ಲಿ ಹೆಬ್ಬೆಟ್ಟು ಯಾರು?