ಹಣೆಯ ಮೇಲಿನ ಜೀರ್ಜಿಂಬೆ

ನೆದರ್ಲೆಂಡ್ಸಿನ ಜೂಟರ್‌ಮೀರ್‌ನ ನಮ್ಮ ಮನೆಯಲ್ಲಿ ಕಳೆದ ವಾರವೆಲ್ಲ ಹುಳಗಳದ್ದೇ ದರ್ಬಾರು. ಮಗಳು ಶಾಲೆಯಲ್ಲಿ ಸ್ಪ್ರೇಕ್‌ಬ್ಯೂರ್ಟ್ ಕೊಡಬೇಕಿತ್ತು. ಇಲ್ಲಿನ ಮಕ್ಕಳು ಇಡೀ ತರಗತಿಯ ಮುಂದೆ ನಿಂತು ಒಂದು ವಿಷಯದ ಬಗ್ಗೆ ಭಾಷಣ ಬಿಗಿಯುವ ಶಾಸ್ತ್ರವದು. ಅವಳು ಆರಿಸಿಕೊಂಡದ್ದು ಜಪಾನಿನ ದಕ್ಷಿಣದ ದ್ವೀಪಗಳಲ್ಲಿ ಸಿಗುವ, ಲೋಹದ ಹಾಗೆ ಹೊಳೆಯುವ ಹುಳಗಳನ್ನು. ಟ್ಯಾಬ್‌ನಲ್ಲಿ ಆ ಹಸಿರು, ತಾಮ್ರದ ಬೆನ್ನು ಕಂಡದ್ದೇ ತಡ, ಒಲೆಯ ಮೇಲಿನ ಸಾರು ಮರೆತು ಕೂತುಬಿಟ್ಟೆ. ಸಾರು ಉಕ್ಕಿತು, ಬಿಡಿ.

"ಇದು ನಮ್ಮೂರಲ್ಲೂ ಇದೆ ಕಣೆ, ಜೀರ್ಜಿಂಬೆ!"

"ರಿಯಲಿ? ಎವ್ರಿ ಡಿಸೆಂಬರ್ ಹೋಗ್ತೀವಲ್ಲ, ಐ ಹ್ಯಾವ್ ನೆವರ್ ಸೀನ್ ಇಟ್."

ಕಾಣುವುದೆಲ್ಲಿಂದ? ಅದು ಮಳೆಗಾಲದ ಹುಳ. ನಾವೋ, ಕೆಸರು, ಸೊಳ್ಳೆ ಎಂದು ಮಳೆಗಾಲ ತಪ್ಪಿಸಿ ಊರಿಗೆ ಹೋಗುವ ಶೂರರು.

ಮೈಸೂರಿನಲ್ಲಿ ನನ್ನನ್ನು ಸಾಕಿದ್ದು ಚಿಕ್ಕಮ್ಮ. ಮನೆಯ ಹಿಂದಿನ ಖಾಲಿ ಸೈಟಿನ ಜಾಲಿ ಗಿಡದಿಂದ ಜೀರ್ಜಿಂಬೆ ಹಿಡಿದು, ಬೆಂಕಿಪೊಟ್ಟಣದಲ್ಲಿ ಎಲೆ ಹಾಸಿ ಮಲಗಿಸಿ, ಮೊಟ್ಟೆ ಇಡಲೆಂದು ಇಬ್ಬರೂ ಕಾಯುತ್ತಿದ್ದೆವು. ನೀವೂ ಕಾದಿರಬಹುದು. ಸತ್ತ ಹುಳದ ರೆಕ್ಕೆಯನ್ನು ಅವಳು ದುಂಡಗೆ ಕತ್ತರಿಸಿ, ಮೇಣ ಹಚ್ಚಿ ಹಣೆಗಿಟ್ಟುಕೊಳ್ಳುತ್ತಿದ್ದಳು. ಅಂಗಡಿಯ ಯಾವ ಟಿಕಲಿಗೂ ಆ ಹೊಳಪಿರಲಿಲ್ಲ.

ಅವಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಅದೇ ಬೊಟ್ಟು. ಹುಡುಗನ ತಾಯಿ ಕಣ್ಣರಳಿಸಿ, "ಎಷ್ಟ್ ಚೆನ್ನಾಗಿದೆ! ಎಲ್ಲಿ ತಗೊಂಡ್ಯಮ್ಮ?" ಎಂದರು.

"ಹಿಂದ್ಗಡೆ ಜಾಲಿ ಗಿಡದಲ್ಲಿ. ಹುಳದ ರೆಕ್ಕೆ," ಎಂದಳು ಚಿಕ್ಕಮ್ಮ.

ಕೇಸರಿಬಾತಿನ ತಟ್ಟೆಗಳು ಹಾಗೇ ಉಳಿದವು. ಅಜ್ಜಿ ರೇಗಾಡಿದಾಗ, "ಕೇಳಿದ್ರು, ಹೇಳ್ದೆ," ಎಂದು ಎರಡು ತಟ್ಟೆ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು. ನಾವಿಬ್ಬರೂ ಹೊಟ್ಟೆ ಬಿರಿಯೆ ತಿಂದೆವು. ಆಮೇಲೆ ಅವಳು ಮದುವೆಯಾಗಲೇ ಇಲ್ಲ. ಹುಳದ ದೆಸೆಯಿಂದಲೋ, ತನ್ನಿಷ್ಟದಿಂದಲೋ, ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಈಗ ಭಾನುವಾರಗಳಂದು ವಿಡಿಯೋ ಕಾಲ್. ಊಟ ಆಯ್ತಾ, ಚಳಿ ಇದೆಯಾ ಎಂದೆಲ್ಲ ವಿಚಾರಿಸುತ್ತಾಳೆ. ಯಾವಾಗ ಬರುತ್ತೀಯ ಎಂದು ಮಾತ್ರ ಕೇಳುವುದಿಲ್ಲ. ನಮಗೆ ತೊಂದರೆಯಾಗಬಾರದೆಂದು ಇರಬೇಕು. ಆದರೆ ನನಗೆ ಅವಳ ಬಾಯಿಂದ 'ಬಾ' ಎಂದು ಕರೆಸಿಕೊಳ್ಳುವ ಆಸೆ. ಎರಡು ಮಕ್ಕಳ ತಾಯಿಗೆ ಇದೆಂಥ ಹಟ ಎಂದು ನೀವು ನಗಬಹುದು. ನಗಿ, ಆಸೆ ಹೋಗುವುದಿಲ್ಲ.

ಸಾರು ಉಕ್ಕಿದ ಆ ಸಂಜೆ ಭಾನುವಾರದವರೆಗೂ ಕಾಯದೆ ಕರೆ ಮಾಡಿದೆ. "ಚಿಕ್ಕಮ್ಮ, ಈ ಸಲ ಜುಲೈ ರಜೇಲೇ ಬರ್ತೀವಿ. ಇವಳಿಗೆ ಜೀರ್ಜಿಂಬೆ ತೋರಿಸ್ಬೇಕು."

"ಅಯ್ಯೋ, ಆ ಸೈಟಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ ಕಣೆ. ಜಾಲೀನೂ ಇಲ್ಲ, ಹುಳಾನೂ ಇಲ್ಲ."

ನಾನು ಮಗಳ ಟ್ಯಾಬನ್ನು ಬೋರಲು ಹಾಕಿದೆ. ಚಿಕ್ಕಮ್ಮ ಮೆಲ್ಲಗೆ ಅಂದಳು:

"ಹುಳ ಇಲ್ಲ ಅಂತ ಬರ್ದೇ ಇರ್ಬೇಡ ಕಣೆ."